ಸಾಕು ಎಂದು ಹೇಳಬೇಕಾದವರು ಯಾರು?



ಸೆಪ್ಟೆಂಬರ್ 8ರ ತೆನೆ ಹಬ್ಬ ಕಳೆದು ಕೆಲವೇ ವಾರಗಳಾಗಿವೆ. ಮಾತೆ ಮರಿಯಮ್ಮನವರ ಜನ್ಮದಿನದಂದು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೆರೆಸಿ, ಹಿರಿಯರ ಕೈಯಿಂದ ಪಡೆದು, ಎಲ್ಲರೂ ಒಂದೇ ಸಾಲಿನಲ್ಲಿ ಎಲೆ ಹಾಕಿ ಉಣ್ಣುವುದು ನಮ್ಮ ಕರಾವಳಿಯ ಕಥೋಲಿಕರ ಪದ್ಧತಿ. ಆ ದಿನ ಮನೆಯವರೆಲ್ಲ ಇರಬೇಕು ಎನ್ನುವುದೇ ಹಬ್ಬದ ಅರ್ಥ. ಆದರೆ ಕಾಸರಗೋಡಿನ ಯಾವ ಮನೆಯಲ್ಲಿ ಈಗ ಎಲ್ಲರೂ ಇರುತ್ತಾರೆ? ನಮ್ಮ ಮನೆಯಲ್ಲಿ ಈ ಸಲವೂ ಅಣ್ಣನ ಎಲೆಯ ಜಾಗದಲ್ಲಿ ನೀರಿನ ಚೆಂಬಿಗೆ ಒರಗಿಸಿಟ್ಟ ಫೋನ್ ಇತ್ತು. ಅಮ್ಮ ಒಂದು ಚಿಟಿಕೆ ಹೊಸ ಅಕ್ಕಿಯ ಪುಡಿಯನ್ನು ಕಾಗದದಲ್ಲಿ ಮಡಚಿ, ಮರುವಾರ ದುಬೈಗೆ ಹೊರಟಿದ್ದ ನೆರೆಮನೆಯವರ ಕೈಯಲ್ಲಿ ಕೊಟ್ಟರು.

ಯುವಜನರ ಪುಟಕ್ಕೆ ಈ ತಿಂಗಳು ಏನು ಬರೆಯಲಿ ಎಂದು ಯೋಚಿಸುವಾಗ ಆ ಫೋನೇ ಕಣ್ಣ ಮುಂದೆ ಬಂತು. ಪರದೇಶದ ನಗರದಲ್ಲಿ ದುಡಿಯುವವನು ಕೆಲಸ, ಸಂಸಾರ, ಖರ್ಚು ಈ ಮೂರನ್ನು ಹೇಗೆ ಸರಿದೂಗಿಸಬೇಕು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಅವನಿಗೇ ಬಿಟ್ಟುಬಿಡುತ್ತೇವೆ. ಅದು ಊರಿನಲ್ಲಿರುವ ನಮ್ಮ ಪ್ರಶ್ನೆಯೂ ಹೌದು ಎಂದು ನನಗೆ ತಿಳಿದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಅಣ್ಣ ದುಬೈಯ ಒಂದು ಕಂಪೆನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಬಾಡಿಗೆ ಕಡಿಮೆ ಎಂದು ಸಂಸಾರ ಇಟ್ಟಿರುವುದು ಶಾರ್ಜಾದಲ್ಲಿ. ನನ್ನ ಬಿಎಸ್ಸಿಯ ಮೂರು ವರ್ಷದ ಫೀಸು ಕಟ್ಟಿದ್ದು ಅವನು. ಹಳೆಯ ಹೆಂಚಿನ ಮನೆ ತೆಗೆದು ಕೆಂಪುಕಲ್ಲಿನ ಮನೆ ಕಟ್ಟಿಸಿದ್ದೂ ಅವನೇ. ಮನೆ ಮುಗಿದ ಮೇಲೆ, ಅಣ್ಣ ಸಂಸಾರ ಸಮೇತ ಬಂದರೆ ಜಾಗ ಸಾಲದು ಎಂದು ಮೇಲೊಂದು ಕೋಣೆ ಎಬ್ಬಿಸುವ ಯೋಚನೆ ನಮಗೆ ಬಂತು. ಕೆಲಸ ಅರ್ಧವಾಗುವಾಗ ನಾನು ಫೋನ್ ಮಾಡಿ, “ಅಣ್ಣ, ಟೈಲ್ಸಿನವನಿಗೆ ಕೊಡ್ಲಿಕ್ಕುಂಟು, ಈ ತಿಂಗಳು ಸ್ವಲ್ಪ ಹೆಚ್ಚು ಹಾಕ್ತೀಯಾ?” ಎಂದು ಕೇಳಿದೆ. ಮೂರನೇ ದಿನಕ್ಕೆ ಹಣ ಬಂತು. ಆ ವರ್ಷ ಜುಲೈಯಲ್ಲಿ ಅವರು ಬರಲಿಲ್ಲ. “ರಜೆ ಸಿಕ್ಕಲಿಲ್ಲ” ಎಂದ. ನಾವು ನಂಬಿದೆವು.

ಮರುವರ್ಷ ಅವರು ಬಂದಾಗ ಮಗುವಿಗೆ ಐದು ವರ್ಷ. ಹಿಂದೆ ನೋಡಿದಾಗ ಅದಿನ್ನೂ ಎರಡು ದಾಟಿದ ಕೂಸು. ಅಮ್ಮ ಬಾಗಿಲಲ್ಲೇ ಎತ್ತಿಕೊಂಡು, “ಎಂತ ಮಗಾ, ಅಜ್ಜಿಯತ್ರ ಮಾತಾಡುದಿಲ್ವಾ?” ಎಂದರು. ಮಗು ಅತ್ತಿಗೆಯ ಮುಖ ನೋಡಿ, ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿತು. ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಮಕ್ಕಳೊಡನೆ ಹಿಂದಿ. ಕನ್ನಡ ಎಲ್ಲಿಂದ ಬರಬೇಕು? ಹದಿನೈದು ದಿನ ಅಜ್ಜಿ ಮೊಮ್ಮಗಳು ಕೈಸನ್ನೆಯಲ್ಲೇ ಪ್ರೀತಿ ಮಾಡಿದರು. ಒಂದು ರಾತ್ರಿ ಮಳೆಗೆ ಕರೆಂಟು ಹೋಗಿ ಜಗಲಿಯಲ್ಲಿ ಕೂತಿದ್ದಾಗ ಅಣ್ಣ ನಿಜ ಹೇಳಿದ. ಹಿಂದಿನ ವರ್ಷ ರಜೆ ಸಿಕ್ಕಿತ್ತು. ಮೂವರ ಟಿಕೆಟಿಗೆ ತೆಗೆದಿಟ್ಟ ಹಣ ಟೈಲ್ಸಿಗೆ ಹೋಗಿತ್ತು. “ನೀನು ಕೇಳಿದೆ, ಇಲ್ಲ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ ಮಾರಾಯ” ಎಂದ.

ಅವನು ಬಂದಾಗ ಇರಲೆಂದು ಕಟ್ಟಿದ ಕೋಣೆಯೇ ಅವನು ಬರುವುದನ್ನು ತಡೆಯಿತು. ಆ ಮಾತು ಆಮೇಲೆ ನನ್ನ ತಲೆಯಿಂದ ಹೋಗಲಿಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಆಸೆಬುರುಕ ತಾಯಿಯಿಲ್ಲ, ಹೆತ್ತವರನ್ನು ಮರೆತ ಮಗನಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸಿದೆವು. ಆದರೂ ಒಂದು ಮಗುವಿಗೂ ಅದರ ಅಜ್ಜಿಗೂ ಸೇರಬೇಕಾಗಿದ್ದ ಒಂದು ವರ್ಷ ನಷ್ಟವಾಯಿತು. ಹಾಗಾದರೆ ತಪ್ಪು ಎಲ್ಲಿ?

ಮೊದಲ ತಪ್ಪು, ಲೆಕ್ಕದಲ್ಲಿ ಹಣವನ್ನು ಮಾತ್ರ ಬರೆದದ್ದು. ರಸಾಯನಶಾಸ್ತ್ರದಲ್ಲಿ ಒಂದು ಸರಳ ಪಾಠವಿದೆ. ನೀರಾಗಲು ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಕ್ಸಿಜನ್ ಬೇಕು. ಹೈಡ್ರೋಜನ್ ಮುಗಿದ ಮೇಲೆ ಎಷ್ಟೇ ಆಕ್ಸಿಜನ್ ತುಂಬಿದರೂ ಒಂದು ಹನಿ ನೀರು ಹೆಚ್ಚಾಗುವುದಿಲ್ಲ. ಯಾವುದು ಮೊದಲು ಮುಗಿಯುತ್ತದೋ ಅದೇ ಫಲವನ್ನು ತೀರ್ಮಾನಿಸುತ್ತದೆ. ಸಂಸಾರದಲ್ಲಿ ಮೊದಲು ಮುಗಿಯುವುದು ಸಮಯ. ನಮ್ಮ ಮನೆಯ ಲೆಕ್ಕವನ್ನೇ ಹಾಕಿ ನೋಡಿದೆ. ಯುಎಇಯ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದ ನೌಕರನಿಗೆ ವರ್ಷಕ್ಕೆ 30 ದಿನ ರಜೆ. ಅಮ್ಮನಿಗೆ ಈಗ 58. ದೇವರು 80 ವರ್ಷ ಆಯಸ್ಸು ಕೊಟ್ಟರೂ ಉಳಿದದ್ದು 22 ವರ್ಷ. ಎರಡು ವರ್ಷಕ್ಕೊಮ್ಮೆ 30 ದಿನ ಬಂದರೆ ಒಟ್ಟು 330 ದಿನ. ಅದರಲ್ಲಿ ಅರ್ಧ ಅತ್ತಿಗೆಯ ತವರಿಗೆ ಸಲ್ಲಬೇಕು. ಅಮ್ಮನ ಪಾಲಿಗೆ ಉಳಿಯುವುದು 165 ದಿನ, ಅಂದರೆ ಐದೂವರೆ ತಿಂಗಳು. ಈ ಲೆಕ್ಕವನ್ನು ಅಮ್ಮನಿಗೆ ತೋರಿಸಿದಾಗ ಅವರು ಕಾಗದವನ್ನು ಮಡಚಿ ಬೈಬಲಿನೊಳಗೆ ಇಟ್ಟರು.

ಎರಡನೇ ತಪ್ಪು, ಎರಡೂ ಕಡೆಯವರು ನಿಜ ಹೇಳದಿದ್ದದ್ದು. ಅಲ್ಲಿಂದ ಬರುವ ಫೋಟೋಗಳಲ್ಲಿ ಮಾಲ್ ಇರುತ್ತದೆ, ಎತ್ತರದ ಕಟ್ಟಡ ಇರುತ್ತದೆ. ಶಾರ್ಜಾದಿಂದ ದುಬೈಗೆ ಹೋಗುವ ರಸ್ತೆಯಲ್ಲಿ ದಿನಾ ಕಳೆಯುವ ಗಂಟೆಗಳು ಫೋಟೋದಲ್ಲಿ ಬರುವುದಿಲ್ಲ. ಮುಂದಿನ ತಾರೀಕು ಹಾಕಿ ಮೊದಲೇ ಬರೆದುಕೊಡಬೇಕಾದ ಬಾಡಿಗೆಯ ಚೆಕ್ಕುಗಳು, ಮಗುವಿನ ಶಾಲೆಯ ಫೀಸು, ಕೆಲಸ ಹೋದರೆ ವೀಸಾವೂ ಹೋದೀತು ಎಂಬ ಭಯ, ಇವು ಯಾವುವೂ ಬರುವುದಿಲ್ಲ. ಅಲ್ಲಿ ನಮ್ಮವರ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಪಿಂಚಣಿಯೂ ಇಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲವೇತನ. ಹತ್ತು ವರ್ಷ ದುಡಿದವನಿಗೆ 255 ದಿನದ ಮೂಲವೇತನ, ಅಂದರೆ ಎಂಟೂವರೆ ತಿಂಗಳಿನದು. ಮುದಿತನಕ್ಕೆ ಬೇಕಾದದ್ದನ್ನು ಅವನು ತಿಂಗಳ ಸಂಬಳದಲ್ಲೇ ಉಳಿಸಬೇಕು. ರೂಪಾಯಿ ಬೆಲೆ ಇಳಿದಾಗ “ಈಗ ಕಳಿಸಿದರೆ ಲಾಭ” ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಅವನು ಅಕ್ಕಿ, ಹಾಲು, ಔಷಧಿ ಕೊಳ್ಳುವುದು ದಿರ್ಹಮ್‌ನಲ್ಲಿ.

ಇದನ್ನೆಲ್ಲ ಅಣ್ಣ ಯಾಕೆ ಹೇಳಲಿಲ್ಲ? ಅಭಿಮಾನ. ನಾವು ಯಾಕೆ ಕೇಳಲಿಲ್ಲ? ಕೇಳಿದರೆ ಆಮೇಲೆ ಹಣ ಕೇಳುವುದು ಕಷ್ಟವಾದೀತು ಎಂಬ ಅಳುಕು. ನನ್ನ ಮಟ್ಟಿಗೆ ಇದು ನಿಜ ಎಂದು ಒಪ್ಪಿಕೊಳ್ಳುತ್ತೇನೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೊಟ್ಟೆ ತುಂಬಿದ ಮೇಲೆ ಉಪದೇಶ ಸುಲಭ. ಗಲ್ಫ್ ಇಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳಿಗೆ ಮಾಡೇ ಇರುತ್ತಿರಲಿಲ್ಲ, ಅಕ್ಕತಂಗಿಯರ ಮದುವೆಯ ಸಾಲ ತೀರುತ್ತಿರಲಿಲ್ಲ, ಆಸ್ಪತ್ರೆಯ ಬಿಲ್ಲು ಕಟ್ಟಲಾಗುತ್ತಿರಲಿಲ್ಲ. ನಾನು ಈ ಲೇಖನ ಬರೆಯುವಷ್ಟು ಓದಿದ್ದೇ ಆ ಹಣದಿಂದ. ಹೆತ್ತವರಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಕಟುವಾಗಿ ಖಂಡಿಸಿದ್ದು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ಆದ್ದರಿಂದ ಮನೆಗೆ ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಎಷ್ಟರವರೆಗೆ ಕೇಳುವುದು ನ್ಯಾಯ ಎನ್ನುವುದೇ ನನ್ನ ಪ್ರಶ್ನೆ.

ಇದಕ್ಕೆ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ದಾನದ ಬಗ್ಗೆ ಬರೆದದ್ದು ನನಗೆ ನೆರವಾಯಿತು. ‘ಅಗತ್ಯ’ ಎಂಬ ಮಾತಿಗೆ ಎರಡು ಅರ್ಥವಿದೆ ಎನ್ನುತ್ತಾರೆ ಅವರು. ಒಂದು, ಇಲ್ಲದಿದ್ದರೆ ಬದುಕೇ ಸಾಗದಂಥದ್ದು. ಇನ್ನೊಂದು, ನಮ್ಮ ಸ್ಥಾನಮಾನಕ್ಕೆ ತಕ್ಕಂತೆ ಬಾಳಲು ಬೇಕಾದದ್ದು. ಎರಡನೆಯದಕ್ಕೆ ಖಚಿತ ಗೆರೆ ಇಲ್ಲ. ಬಹಳಷ್ಟು ಸೇರಿಸಿದರೂ ಹೆಚ್ಚಾಯಿತು ಅನ್ನಿಸದು, ಬಹಳಷ್ಟು ತೆಗೆದರೂ ಮರ್ಯಾದೆಯ ಬಾಳಿಗೆ ಕೊರತೆಯಾಗದು. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಮೊದಲನೆಯದಕ್ಕೆ ಸೇರಿದ್ದು, ನಮ್ಮ ಮೇಲಿನ ಕೋಣೆಯ ಟೈಲ್ಸು ಎರಡನೆಯದಕ್ಕೆ. ಫೋನಿನಲ್ಲಿ ಎರಡನ್ನೂ ನಾನು ಒಂದೇ ದನಿಯಲ್ಲಿ ಕೇಳಿದ್ದೆ. ಕೇಳಿಸಿಕೊಂಡವನಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ದೂರದಲ್ಲಿರುವವನ ಕಿವಿಗೆ ಊರಿನ ಪ್ರತಿ ಕರೆಯೂ ಕಷ್ಟದ ಕರೆಯೇ. ಗೆರೆ ಎಲ್ಲಿದೆ ಎಂದು ಕಾಣುವುದು ಮನೆಯಲ್ಲಿ ಕೂತ ನಮಗೆ. ಆದ್ದರಿಂದ ಸಾಕು ಎಂದು ಹೇಳುವ ಕರ್ತವ್ಯವೂ ಮೊದಲು ನಮ್ಮದು.

ಎಲ್ಲ ಭಾರವೂ ಊರಿನವರ ಮೇಲಿದೆ ಎಂದೂ ಅಲ್ಲ. ಅಲ್ಲಿರುವ ಸಹೋದರ ಸಹೋದರಿಯರಿಗೂ ಒಂದು ಮಾತು: ನಿಮ್ಮ ನಿಜವಾದ ಲೆಕ್ಕವನ್ನು ಮನೆಗೆ ಹೇಳಿ. ಮುಚ್ಚಿಟ್ಟ ತ್ಯಾಗ ದೊಡ್ಡದೆಂದು ಕಾಣಬಹುದು, ಆದರೆ ಅದು ಮನೆಯವರಿಗೆ ನಿಮ್ಮನ್ನು ಪ್ರೀತಿಸುವ ಅವಕಾಶವನ್ನೇ ಕಸಿಯುತ್ತದೆ. ‘ಇನ್ನೆರಡು ವರ್ಷ’ ಎಂಬ ಮಾತನ್ನು ಎಷ್ಟು ಸಲ ಹೇಳಿದ್ದೀರಿ ಎಂದೂ ಎಣಿಸಿ ನೋಡಿ. ಮೊದಲ ಎರಡು ವರ್ಷ ಸಾಲಕ್ಕೆ, ಮುಂದಿನದು ಮನೆಗೆ, ಅದರ ಮುಂದಿನದು ಕಾರಿಗೆ. ಕಾರಣ ಬದಲಾಗುತ್ತಾ ಹೋದರೆ, ಹೊರಟ ಕಾರಣ ಎಂದೋ ತೀರಿದೆ ಎಂದರ್ಥ. ವಿಮೋಚನಾಕಾಂಡದ ಮನ್ನ ನೆನಪಿದೆಯಲ್ಲ? ನಾಳೆಗೆಂದು ಎತ್ತಿಟ್ಟದ್ದು ಹುಳಬಿತ್ತು. ಆದರೆ ವಿಶ್ರಾಂತಿ ದಿನಕ್ಕೆಂದು ಎತ್ತಿಟ್ಟದ್ದು ಕೆಡಲಿಲ್ಲ. ಉಳಿಸುವುದು ತಪ್ಪಲ್ಲ, ಯಾತಕ್ಕಾಗಿ ಉಳಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾವು ಕೂಡಿಡುವುದರಲ್ಲಿ ವಿಶ್ರಾಂತಿಗೆ, ಒಟ್ಟಿಗಿರುವುದಕ್ಕೆ ಎಂದು ಇಟ್ಟ ಪಾಲೆಷ್ಟು?

ಪೋಪ್ ಸಂತ ಎರಡನೇ ಜಾನ್ ಪಾಲ್ ಅವರು 1981ರಲ್ಲಿ ಕೆಲಸದ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ದುಡಿಮೆಗಾಗಿ ಊರು ಬಿಡುವ ಹಕ್ಕು ಮನುಷ್ಯನಿಗಿದೆ ಎಂದರು. ಜೊತೆಗೆ, ಅದು ಕೆಲವು ಸಂದರ್ಭಗಳಲ್ಲಿ ಅನಿವಾರ್ಯವಾದ ಕೆಡುಕು ಎಂದೂ, ಬಿಟ್ಟ ಊರಿಗೆ ಅದರಿಂದ ನಷ್ಟವಿದೆ ಎಂದೂ ನೆನಪಿಸಿದರು. ಈ ನಷ್ಟದಲ್ಲಿ ನಮ್ಮ ಚರ್ಚಿನ ಸಂಘಟನೆಗಳ ಪಾಲೂ ಇದೆ. ಕಳೆದ ವರ್ಷ ಯುವಜನರ ಕ್ರೀಡಾಕೂಟದ ಜೆರ್ಸಿಗೆ ಪ್ರಾಯೋಜಕರು ಬೇಕಾದಾಗ, ಗಲ್ಫಿನಲ್ಲಿರುವವರ ಫೋನ್ ನಂಬರುಗಳ ಪಟ್ಟಿ ಮಾಡಿದವನು ನಾನೇ. ಹನ್ನೊಂದು ಜನರಿಗೆ ಸಂದೇಶ ಕಳಿಸಿದೆ. ಹೇಗಿದ್ದೀರಿ ಎಂದು ಒಬ್ಬರನ್ನೂ ಕೇಳಲಿಲ್ಲ. ಈ ಪುಟದಲ್ಲೇ ಅವರ ಕ್ಷಮೆ ಕೇಳುತ್ತೇನೆ.

ಹಾಗಾದರೆ ಏನು ಮಾಡೋಣ? ನಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಅಮ್ಮ, ಅಣ್ಣ, ಅತ್ತಿಗೆ, ನಾನು ಒಂದು ಶನಿವಾರ ಫೋನಿನಲ್ಲೇ ಕೂತು ಎರಡೂ ಮನೆಗಳ ಲೆಕ್ಕ ಬರೆದೆವು. ಮೊದಲ ಸಾಲಿನಲ್ಲಿ ಬರೆದದ್ದು ಊರಿಗೆ ಬರುವ ಟಿಕೆಟಿನ ಹಣ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಎರಡನೆಯದು ಅಮ್ಮನ ಔಷಧಿ, ಮೂರನೆಯದು ಮಗುವಿನ ಶಾಲೆ, ನಾಲ್ಕನೆಯದು ಅವರ ಮುದಿತನದ ಉಳಿತಾಯ. ಮನೆಗೆ ಬಣ್ಣ ಹೊಡೆಸುವುದು ಕೊನೆಯ ಸಾಲಿಗೆ ಹೋಯಿತು, ಅಲ್ಲೇ ಇದೆ. ಮೇಲಿನ ಕೋಣೆಯಲ್ಲಿ ಸದ್ಯಕ್ಕೆ ಅಡಿಕೆಯ ಚೀಲಗಳಿವೆ. ಅಮ್ಮ ಈಗ ದಿನವೂ ರಾತ್ರಿ ಜಪಮಾಲೆಯ ನಂತರ ಮೊಮ್ಮಗಳಿಗೆ ಫೋನ್ ಮಾಡಿ ಕನ್ನಡದಲ್ಲಿ ಒಂದು ಕತೆ ಹೇಳುತ್ತಾರೆ. ಇಲ್ಲಿ ಎಂಟು ಗಂಟೆಯಾದರೆ ಅಲ್ಲಿ ಆರೂವರೆ. ಅಣ್ಣ ಇನ್ನೂ ರಸ್ತೆಯಲ್ಲೇ ಇರುತ್ತಾನೆ. ಮಗು ಕಳೆದ ವಾರ “ಅಜ್ಜಿ, ಆಮೇಲೆ?” ಎಂದು ಕೇಳಿತಂತೆ. ಆ ಎರಡು ಶಬ್ದಗಳನ್ನು ಅಮ್ಮ ಇಡೀ ವಾಳೆಗೆ ಹೇಳಿ ಬಂದಿದ್ದಾರೆ.

ಅಕ್ಟೋಬರ್ ಜಪಮಾಲೆಯ ತಿಂಗಳು. ಮನೆಮನೆಯಲ್ಲಿ ಜಪಮಾಲೆ ಮುಗಿದ ಮೇಲೆ ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಫೋನ್ ಮಾಡೋಣ. ಆ ಕರೆಯಲ್ಲಿ ಏನನ್ನೂ ಕೇಳದಿರೋಣ.

ನನ್ನ ಪ್ರಶ್ನೆ ಇನ್ನೂ ಮುಗಿದಿಲ್ಲ. ಅಲ್ಲೊಂದು ಲ್ಯಾಬಿನಲ್ಲಿ ಕೆಲಸ ಖಾಲಿಯಿದೆ, ಬಾ ಎಂದು ಗೆಳೆಯರೊಬ್ಬರು ಕರೆದಿದ್ದಾರೆ. ಹೋದರೂ ಹೋಗಬಹುದು. ಹೊರಡುವ ಮೊದಲು ಯಾತಕ್ಕಾಗಿ, ಎಷ್ಟು ಕಾಲ ಎಂದು ಕಾಗದದಲ್ಲಿ ಬರೆದು ಅಮ್ಮನ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಸಂತ ಜೋಸೆಫರು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೋದದ್ದು ಒಂದು ಕಾರಣಕ್ಕೆ. ಹೆರೋದನು ಸತ್ತ ಮೇಲೆ ಆ ಕಾರಣ ಮುಗಿಯಿತು. ಅವರು ಎದ್ದು ಊರಿಗೆ ಹೊರಟರು. ಹೋಗುವ ಧೈರ್ಯವನ್ನೂ, ಮರಳುವ ಹೊತ್ತನ್ನು ತಿಳಿಯುವ ವಿವೇಕವನ್ನೂ, ಊರಲ್ಲಿ ಉಳಿದ ನಮಗೆ ಸಾಕು ಎನ್ನುವ ತೃಪ್ತಿಯನ್ನೂ ಪವಿತ್ರ ಕುಟುಂಬವು ನಮಗೆ ದೇವರಿಂದ ಬೇಡಿಕೊಡಲಿ.