ವಿದ್ಯೆಯ ಮನೆಯಲ್ಲಿ ಪಂಕ್ತಿಭೇದ

ತಿರುವನಂತಪುರದ ತಂಪಾನೂರಿನಲ್ಲಿ ಇಂದು ರೈಲು, ಬಸ್ಸುಗಳ ಸಂಚಾರ ನಿಲ್ಲುವುದೇ ಇಲ್ಲ. ಅಲ್ಲಿಂದ ನಡೆದು ಹೋಗುವಷ್ಟೇ ದೂರದ ವಲಿಯಶಾಲದಲ್ಲಿ ಸಾವಿರ ವರ್ಷಗಳ ಹಿಂದೆ ಕಾಂತಳ್ಳೂರು ಶಾಲೆ ಇತ್ತೆಂದು ಅನೇಕ ಇತಿಹಾಸಕಾರರು ಗುರುತಿಸಿದ್ದಾರೆ. ರಾಜರಾಜ ಚೋಳನ ಶಾಸನಗಳು ಕಾಂತಳ್ಳೂರಿನಲ್ಲಿ ಅವನು ತೋರಿದ ಪರಾಕ್ರಮವನ್ನು ಮತ್ತೆ ಮತ್ತೆ ಹೊಗಳುತ್ತವೆ. ಆ ಹೆಸರಿಗೆ ಅಷ್ಟು ತೂಕವಿತ್ತು. ಅನ್ನ, ವಸತಿ, ಪಾಠ ಮೂರನ್ನೂ ಒಂದೇ ಸೂರಿನಡಿ ಕೊಡುತ್ತಿದ್ದ ಇಂಥ ಶಾಲೆಗಳ ಚರಿತ್ರೆ ಧರ್ಮದ ಒಂದು ಮೂಲಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ: ಒಂದು ವಿದ್ಯಾಲಯದ ತತ್ತ್ವವನ್ನು ಅದರ ಪಾಠದಿಂದ ಅಳೆಯಬೇಕೋ, ಅದರ ಊಟದ ಪಂಕ್ತಿಯಿಂದ ಅಳೆಯಬೇಕೋ? ಪಂಕ್ತಿಯಿಂದಲೇ ಅಳೆಯಬೇಕು ಎಂಬುದು ನನ್ನ ನಿಲುವು.

ಕಾಂತಳ್ಳೂರಿನ ಒಳಗಿನ ಬದುಕು ಹೇಗಿತ್ತೆಂದು ಊಹಿಸಲು ಅದರ ಕಟ್ಟಳೆಯನ್ನೇ ಮಾದರಿಯಾಗಿಟ್ಟುಕೊಂಡ ಮತ್ತೊಂದು ಶಾಲೆಯ ದಾಖಲೆ ನೆರವಾಗುತ್ತದೆ. ಆಯ್ ವಂಶದ ಅರಸ ಕರುನಂದಡಕ್ಕನ್ ಕ್ರಿ.ಶ. 866ರಲ್ಲಿ, ಈಗಿನ ಕನ್ಯಾಕುಮಾರಿ ಜಿಲ್ಲೆಯ ಪಾರ್ಥಿವಶೇಖರಪುರದಲ್ಲಿ ದೇವಾಲಯ ಕಟ್ಟಿಸಿ, 95 ವಿದ್ಯಾರ್ಥಿಗಳಿಗೆ ಶಾಲೆ ಏರ್ಪಡಿಸಿದ. ತಾಮ್ರಪಟದಲ್ಲಿ ಸ್ಥಾನಗಳ ಹಂಚಿಕೆ ಸ್ಪಷ್ಟವಾಗಿದೆ: ಋಗ್ವೇದದ ಬಹ್ವೃಚರಿಗೆ 45, ತೈತ್ತಿರೀಯರಿಗೆ 36, ಸಾಮವೇದದ ತಲವಕಾರರಿಗೆ 14. ಸೇರುವವನಿಗೆ ವ್ಯಾಕರಣ, ಮೀಮಾಂಸೆ, ಪೌರೋಹಿತ್ಯದ ತಿಳಿವಳಿಕೆ ಇರಬೇಕು. ಆಯುಧ ಹಿಡಿದು ಸಭೆಗೆ ಬರಬಾರದು, ಬೈದಾಡಿದರೆ ದಂಡ, ಮಠದಲ್ಲಿ ದಾಸಿಯರನ್ನು ಇಟ್ಟುಕೊಳ್ಳಬಾರದು ಎಂಬ ನಿಯಮಗಳೂ ಅಲ್ಲಿವೆ. ಯೌವನದ ಹುಡುಗರನ್ನು ಒಂದೆಡೆ ಇರಿಸಿದಾಗ ಏನೇನಾಗಬಹುದೆಂದು ಬಲ್ಲವರೇ ಇವನ್ನು ಬರೆದಿದ್ದಾರೆ. ಕೂಡಿ ಬಾಳುವುದೂ ಕಲಿಯಬೇಕಾದ ವಿದ್ಯೆಯೇ ಎಂದು ಅವರಿಗೆ ಗೊತ್ತಿತ್ತು. ಆದರೆ ಆ 95 ಸ್ಥಾನಗಳಲ್ಲಿ ಪ್ರತಿಯೊಂದೂ ಒಂದೊಂದು ವೇದಶಾಖೆಗೆ ಮೀಸಲು. ಉಳಿದವರಿಗೆ ಬಾಗಿಲು ತೆರೆಯುವ ಮಾತೇ ಇರಲಿಲ್ಲ.

ಒಂಬತ್ತನೆಯ ಶತಮಾನವನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಅನ್ಯಾಯವೆಂದು ಕೆಲವರು ಹೇಳಬಹುದು. ಹಾಗಾದರೆ ಪರಂಪರೆಯೊಳಗಿನ ಅಳತೆಗೋಲನ್ನೇ ಹಿಡಿಯೋಣ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ, ರಾಷ್ಟ್ರಕೂಟರ ಕಾಲದ 945ರ ಶಾಸನದಂತೆ, ನಾನಾ ನಾಡುಗಳ ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದವು. ನೆಲದ ಗಡಿ ಅಲ್ಲಿ ಅಡ್ಡಿಯಾಗಲಿಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಮಠ ಇನ್ನೂ ಮುಂದೆ ಹೋಯಿತು. ವೇದ, ವ್ಯಾಕರಣ, ಷಡ್ದರ್ಶನ, ಯೋಗ, ಪುರಾಣಗಳ ಅಧ್ಯಯನ ನಡೆಯುತ್ತಿದ್ದ ಆ ಮಠ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಜೈನ ಬೌದ್ಧ ಭಿಕ್ಷುಗಳಿಗೆ ಅನ್ನ ನೀಡುವ, ರೋಗಿಗಳಿಗೆ ಚಿಕಿತ್ಸೆ ಕೊಡುವ ಸ್ಥಾನವೆಂದು 1162ರ ಶಾಸನ ಸಾರುತ್ತದೆ. ಪರಮತದವನಿಗೂ ಅನ್ನವಿಡಬೇಕು ಎಂಬ ಅರಿವು ಹೊರಗಿನಿಂದ ಬಂದದ್ದಲ್ಲ. ಎಂಟುನೂರು ವರ್ಷಗಳಿಗೂ ಹಿಂದೆಯೇ ಒಂದು ಶೈವಮಠ ಅದನ್ನು ಕಲ್ಲಿನಲ್ಲಿ ಕೆತ್ತಿಸಿತ್ತು.

ಮತ್ತೊಂದು ಆಕ್ಷೇಪಕ್ಕೆ ಹೆಚ್ಚಿನ ಬಲವಿದೆ. ವೇದವನ್ನು ಸ್ವರ ತಪ್ಪದೆ ಬಾಯಿಂದ ಬಾಯಿಗೆ ದಾಟಿಸಲು ಕಟ್ಟುನಿಟ್ಟಾದ ಗುಂಪು ಬೇಕಿತ್ತು. ಎಲ್ಲರನ್ನೂ ಬೆರೆಸಿದ್ದರೆ ಆ ನಿಧಿ ಉಳಿಯುತ್ತಿರಲಿಲ್ಲ ಎಂಬ ವಾದವದು. ಕಠಿಣ ಅಭ್ಯಾಸ ಬೇಕಿತ್ತು, ಒಪ್ಪೋಣ. ಆದರೆ ಅಭ್ಯಾಸದ ಕಟ್ಟು ಹುಟ್ಟಿನ ಕಟ್ಟು ಏಕಾಗಬೇಕು? ಶಂಕರರು ಹುಟ್ಟಿದ ಕಾಲಡಿಯ ಪಕ್ಕದ ಪೆರಿಯಾರ್ ನದಿಯೇ ಕೊಚ್ಚಿಯ ಬಳಿಯ ಆಲುವಾದಲ್ಲೂ ಹರಿಯುತ್ತದೆ. ಅದರ ದಡದಲ್ಲಿ ನಾರಾಯಣ ಗುರು ಅದ್ವೈತಾಶ್ರಮ ಕಟ್ಟಿ, ಜಾತಿ ಕೇಳದೆ ಮಕ್ಕಳಿಗೆ ಸಂಸ್ಕೃತ ಕಲಿಸಿದರು. 1924ರಲ್ಲಿ ಅಲ್ಲೇ ಸರ್ವಮತ ಸಮ್ಮೇಳನ ನಡೆಸಿದರು. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ 1917ರಲ್ಲೇ ಕೊಚ್ಚಿಯ ಸಮೀಪದ ಚೆರಾಯಿಯಲ್ಲಿ ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಸಹಭೋಜನ ನಡೆಸಿದ್ದರು. ಅದಕ್ಕಾಗಿ ಸ್ವಂತ ಸಮುದಾಯದ ಬಹಿಷ್ಕಾರವನ್ನೂ ಉಂಡರು. ಇದರಿಂದ ಸಂಸ್ಕೃತ ಕೆಡಲಿಲ್ಲ, ಅದ್ವೈತವೂ ಸವೆಯಲಿಲ್ಲ. ಎಲ್ಲರಲ್ಲಿರುವ ಆತ್ಮ ಒಂದೇ ಎಂದು ಬೆಳಿಗ್ಗೆ ಪಾಠ ಹೇಳಿ, ಮಧ್ಯಾಹ್ನ ಎಲೆಗಳನ್ನು ಬೇರೆ ಬೇರೆ ಹಾಕಿಸುವ ಮನೆಯಲ್ಲಿ ಶಿಷ್ಯ ಕಲಿಯುವುದು ಮಧ್ಯಾಹ್ನದ ಪಾಠವನ್ನೇ.

ಜಾತಿಗಳ ಹೆಸರಿನಲ್ಲೇ ನಡೆದ ಇಪ್ಪತ್ತನೆಯ ಶತಮಾನದ ಹಾಸ್ಟೆಲುಗಳ ಗತಿಯೇನು ಎಂದು ಕೇಳಬಹುದು. ಬೇರೆ ಯಾರೂ ಜಾಗ ಕೊಡದಿದ್ದಾಗ ತಮ್ಮ ಹುಡುಗರಿಗೆ ಸೂರು ಕಲ್ಪಿಸಿದ ಆ ಉಪಕಾರ ದೊಡ್ಡದು. ಆದರೆ ಆಸರೆಯಾಗಿ ಕಟ್ಟಿದ ಗೋಡೆ ಬೇಲಿಯಾಗಿ ಉಳಿಯಬಾರದು. ತುಮಕೂರಿನ ಸಿದ್ಧಗಂಗಾ ಮಠ ಒಂದು ಪರಂಪರೆಯ ಮಠವಾಗಿದ್ದುಕೊಂಡೇ ಎಲ್ಲ ಜಾತಿಗಳ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡುತ್ತಾ ಬಂದಿದೆ. ಸ್ವಂತ ಆಚಾರವನ್ನು ಬಿಡದೆಯೂ ಬಾಗಿಲು ತೆರೆದಿಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಠವಾಗಲಿ, ವಿಶ್ವವಿದ್ಯಾಲಯವಾಗಲಿ, ವಿದ್ಯಾರ್ಥಿನಿಲಯ ನಡೆಸುವವರು ತಮ್ಮ ಧ್ಯೇಯವಾಕ್ಯವನ್ನು ಗೋಡೆಗೆ ಬರೆಸುವ ಮೊದಲು ಊಟದ ಮನೆಗೆ ಹೋಗಿ ನೋಡಲಿ: ಅಲ್ಲಿ ಯಾರ ಪಕ್ಕದಲ್ಲಿ ಯಾರು ಕೂತಿದ್ದಾರೆ, ಯಾರು ಬಂದೇ ಇಲ್ಲ. ಆ ಸಂಸ್ಥೆಯ ನಿಜವಾದ ಧರ್ಮ ಅದೇ.