ನೊಂದವರ ಸಂಗಡ ನಿಲ್ಲುವ ಕೆಲಸ

ಊರಲ್ಲಿ ಕಳವಾಗಲಿ ಬಲಾತ್ಕಾರವಾಗಲಿ ನಡೆದರೆ ನಾವು ಮೊದಲು ಕೇಳುವದೇನು? ಮಾಡಿದವನು ಯಾರು, ಸಿಕ್ಕಿದನೋ, ಅವನಿಗೆ ಎಷ್ಟು ವರುಷ ಶಿಕ್ಷೆಯಾದೀತು ಎಂಬದೇ. ನೊಂದವರ ಗತಿ ಏನಾಯಿತೆಂದು ವಿಚಾರಿಸುವವರು ಕಡಿಮೆ. ನ್ಯಾಯಸ್ಥಾನದಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಅಪರಾಧದ ಮೊಕದ್ದಮೆಯು ಸರಕಾರಕ್ಕೂ ಆರೋಪಿಗೂ ನಡುವೆ ನಡೆಯತಕ್ಕದ್ದು. ಸರಕಾರಕ್ಕೆ ವಕೀಲರುಂಟು, ಆರೋಪಿಗೂ ವಕೀಲರುಂಟು. ನೊಂದವಳಾದರೋ ಬರೇ ಸಾಕ್ಷಿ. ತನ್ನ ಹೆಸರನ್ನು ಕೂಗುವ ವರೆಗೆ ಗೋಡೆಯ ಮಗ್ಗುಲಲ್ಲಿ ಕಾಯುವದೇ ಅವಳ ಪಾಲಾಗಿತ್ತು.

ಈ ಕೊರತೆಯನ್ನು ನಮ್ಮ ದೇಶದ ಸುಪ್ರೀಂ ಕೋರ್ಟು 1994ನೆಯ ಇಸವಿಯಲ್ಲಿ ಎತ್ತಿ ಹೇಳಿತು. 1993ರ ಫೆಬ್ರವರಿಯಲ್ಲಿ ರಾಂಚಿಯಿಂದ ದಿಲ್ಲಿಗೆ ಹೋಗುವ ಮೂರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಸೈನಿಕರು ಮನೆಗೆಲಸದ ಹೆಂಗಸರ ಮೇಲೆ ಬಲಾತ್ಕಾರ ಮಾಡಿದರೆಂಬ ದೂರು ಹುಟ್ಟಿ, ದಿಲ್ಲಿಯ ಮನೆಗೆಲಸದ ಸ್ತ್ರೀಯರ ಸಂಘವೊಂದು ಆ ನ್ಯಾಯಾಲಯದ ವರೆಗೂ ಹೋಯಿತು. ಅಂಥ ಹೆಂಗಸಿಗೆ ಪೊಲೀಸ್ ಠಾಣೆಯಲ್ಲಿಯೇ ಒಬ್ಬ ನ್ಯಾಯವಾದಿಯ ಸಹಾಯವಿರಬೇಕು. ನಡೆಯುವದನ್ನು ಅವರು ಅವಳಿಗೆ ತಿಳಿಯಹೇಳಬೇಕು. ವೈದ್ಯರ ಮತ್ತು ಮನಸ್ಸಿನ ಆರೈಕೆಗೆ ದಾರಿ ತೋರಿಸಬೇಕು. ಠಾಣೆಯಲ್ಲಿ ಜೊತೆಗಿದ್ದವರೇ ಕಡೆಯ ವರೆಗೂ ಜೊತೆಗಿರುವದು ಒಳ್ಳೇದು ಎಂದು ನ್ಯಾಯಾಧೀಶರು ಬರೆದರು. ತರುವಾಯ 2009ರಿಂದ, ನೊಂದವರಿಗೆ ಪರಿಹಾರದ ಹಣ ಸಿಕ್ಕುವದಕ್ಕೂ ಅವರ ವಕೀಲರು ಸರಕಾರೀ ವಕೀಲರಿಗೆ ನೆರವಾಗುವದಕ್ಕೂ ಕಾನೂನಿನಲ್ಲಿ ಎಡೆ ದೊರೆಯಿತು. 2012ರ ಪೋಕ್ಸೊ ಕಾಯಿದೆಯ ನಿಯಮಗಳು ಮಕ್ಕಳಿಗೆ ಬೆಂಬಲ ವ್ಯಕ್ತಿಯನ್ನು ನೇಮಿಸುವ ಅಧಿಕಾರವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕೊಟ್ಟವು. 2024ರ ಜುಲೈ 1ರಿಂದ ನಡೆಯುತ್ತಿರುವ ಹೊಸ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತೆಂಬದನ್ನು ಪೊಲೀಸರು 90 ದಿವಸಗಳೊಳಗೆ ದೂರು ಕೊಟ್ಟವರಿಗೆ ಇಲ್ಲವೆ ನೊಂದವರಿಗೆ ತಿಳಿಸಬೇಕು.

ಆದರೆ ಕಾನೂನು ತಾನಾಗಿ ಯಾರ ಕೈಯನ್ನೂ ಹಿಡಿಯಲಾರದು. ಅದಕ್ಕೆ ಮನುಷ್ಯರು ಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರವನ್ನು ಕಲಿಸುವ ವಿಭಾಗವುಂಟು. ಇಂಥ ವಿದ್ಯೆಯನ್ನು ಕಲಿತವರು ಪೊಲೀಸ್ ಇಲಾಖೆಯ ಅಥವಾ ಸೆರೆಮನೆಯ ಉದ್ಯೋಗವನ್ನು ಬಯಸುವದು ಸಹಜವೇ. ಹಾಗಿದ್ದರೂ ಕೆಲವರು ಅದೇ ವಿದ್ಯೆಯನ್ನು ನೊಂದವರ ಉಪಯೋಗಕ್ಕೆ ತರುತ್ತಾರೆ. ಅವರ ಮುಂದೆ ಎರಡು ಕಠಿಣವಾದ ಪ್ರಶ್ನೆಗಳು ಏಳುವವು.

ಮೊದಲನೆಯದು: ತಪ್ಪು ರುಜುವಾತಾಗುವದಕ್ಕೆ ಮುಂಚೆ ಒಬ್ಬರ ಕಡೆಗೆ ನಿಲ್ಲುವದು ನ್ಯಾಯವೋ? ಆರೋಪಿಯೂ ಒಬ್ಬ ತಾಯಿಯ ಮಗನಲ್ಲವೇ? ನಮ್ಮ ಉತ್ತರವೇನಂದರೆ, ತೂಗಿನೋಡುವದು ನ್ಯಾಯಾಧೀಶನ ಕೆಲಸ, ಜೊತೆಗೆ ನಡೆಯುವದು ಸಂಗಡಿಗಳ ಕೆಲಸ. ಗಾಯ ಕಟ್ಟುವ ವೈದ್ಯನು ತೀರ್ಪಿಗಾಗಿ ಕಾಯುವನೇ? ಆದರೆ ಇದಕ್ಕೆ ಒಂದು ಮೇರೆಯುಂಟು. ಸಂಗಡ ನಿಲ್ಲುವವಳು ಸಾಕ್ಷಿಯ ಬಾಯಲ್ಲಿ ಒಂದು ಮಾತನ್ನಾದರೂ ಇಡಬಾರದು. ಕಟಕಟೆ ಎಲ್ಲಿದೆ, ಯಾರು ಏನು ಕೇಳುವರು, ತಿಳಿಯದಿದ್ದರೆ ತಿಳಿಯದೆಂದು ಹೇಳಬಹುದು ಎಂಬಿಷ್ಟನ್ನೇ ಕಲಿಸಬೇಕು. ಇದಕ್ಕಿಂತ ಹೆಚ್ಚಾಗಿ ಕಲಿಸಿದರೆ ಆರೋಪಿಗೂ ಅನ್ಯಾಯ, ನೊಂದವಳ ನಿಜಕ್ಕೂ ಕುಂದು.

ಎರಡನೆಯ ಪ್ರಶ್ನೆಯು ಇನ್ನೂ ಕಠಿಣವಾದದ್ದು. ಹನ್ನೆರಡು ವರುಷದ ಒಬ್ಬ ಹುಡುಗಿಯು ಬಂದು, “ಅಕ್ಕಾ, ಯಾರಿಗೂ ಹೇಳುವದಿಲ್ಲವೆಂದು ಮಾತು ಕೊಡಿರಿ, ಆಮೇಲೆ ಹೇಳುತ್ತೇನೆ” ಅನ್ನುತ್ತಾಳೆಂದು ಎಣಿಸೋಣ. ಮಗುವಿನ ಮೇಲೆ ನಡೆದ ಇಂಥ ಅಪರಾಧವನ್ನು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯಿದೆಯು ವಿಧಿಸುತ್ತದೆ. ಮಾತು ಕೊಟ್ಟರೆ ಅದನ್ನು ಮುರಿಯಬೇಕಾಗುವದು. ಕೊಡದಿದ್ದರೆ ಮಗು ಬಾಯಿ ಮುಚ್ಚಿ ಎದ್ದುಹೋಗಬಹುದು. ಮಗುವಿನ ಹಿತಕ್ಕಾಗಿ ಒಂದು ಸಣ್ಣ ಸುಳ್ಳು ಹೇಳಿದರೇನು ಎಂದು ಕೆಲವರು ಕೇಳುವರು. ನಾವು ಅದನ್ನು ಒಪ್ಪಲಾರೆವು. ಆ ಮಗುವನ್ನು ನೋಯಿಸಿದವನು ಅನೇಕ ಸಾರಿ ಅದು ನಂಬಿದವನೇ ಆಗಿರುತ್ತಾನೆ. ಸಹಾಯಕ್ಕೆ ಬಂದವಳೂ ಅದರ ನಂಬಿಕೆಯನ್ನು ಮುರಿದರೆ ಅದು ಇನ್ನಾರನ್ನು ನಂಬೀತು? ಆದಕಾರಣ ಆಕೆಯು, “ತಂಗೀ, ಆ ಮಾತನ್ನು ನಾನು ಕೊಡಲಾರೆನು. ಆದರೆ ಯಾರಿಗೆ ಹೇಳುವೆನೋ ಅದನ್ನು ಮುಂಚೆ ನಿನಗೇ ತಿಳಿಸುವೆನು, ಬೀದಿಯ ಮಾತಾಗುವದಕ್ಕೆ ಬಿಡುವದಿಲ್ಲ” ಎಂದು ಹೇಳಿ, ಆ ಹುಡುಗಿ ಸುಮ್ಮನೆ ಕೂತರೆ ತಾನೂ ಸುಮ್ಮನೆ ಕೂತಿರಬೇಕು. ಅಪರಾಧಿಗೆ ಶಿಕ್ಷೆ ಆಗಿಯೇ ಆಗುವದೆಂದು ಸಹ ಆಕೆ ಹೇಳಬಾರದು. ಅದು ಆಕೆಯ ಕೈಯಲ್ಲಿಲ್ಲ.

ಪ್ರಿಯ ವಾಚಕರೇ, ನಾವೆಲ್ಲರೂ ಅಪರಾಧಶಾಸ್ತ್ರವನ್ನು ಕಲಿತವರಲ್ಲ. ಆದರೂ ಇಂಥ ಮನೆಯು ನಮ್ಮ ಕೇರಿಯಲ್ಲಿಯೇ ಇರಬಹುದು. ಊರಿನ ಮಾನ ಹೋದೀತೆಂದು ಆ ಮನೆಯವರನ್ನು ರಾಜಿಗೆ ಒತ್ತಾಯಪಡಿಸಿದವರಲ್ಲಿ ನಾವೂ ಇದ್ದೆವೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಮಾನ ಕಳಕೊಂಡವನು ತಪ್ಪು ಮಾಡಿದವನೇ ಹೊರತು ಅದನ್ನು ತಾಳಿದ ಮಗುವಲ್ಲ. ಆ ಹುಡುಗಿಯ ಹೆಸರನ್ನು ಬಾವಿಯ ಕಟ್ಟೆಯಲ್ಲಿ ಎತ್ತದಿರುವದು, ವಾಯಿದೆಯ ದಿವಸ ಅವಳ ತಾಯಿಯ ಸಂಗಡ ಬಸ್ಸಿನಲ್ಲಿ ಹೋಗಿಬರುವದು, ಆ ಹೊತ್ತಿನಲ್ಲಿ ಅವರ ದನಕ್ಕೆ ಹುಲ್ಲು ಹಾಕುವದು, ಇವೆಲ್ಲಾ ನಮ್ಮಿಂದ ಆಗತಕ್ಕವುಗಳೇ. ಮಕ್ಕಳ ಸಹಾಯಕ್ಕೆ 1098, ಕಾನೂನಿನ ಉಚಿತ ನೆರವಿಗೆ 15100, ಈ ಎರಡು ಫೋನ್ ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡುವದು ಒಳ್ಳೇದು.