ಮಿಲಿಟರಿ ಲಾರಿ ಸಾಕುವವರು

ಸೇನೆಗೆಂದು ಲಾರಿ ಮಾಡುವವರು ಒಂದು ಮಾತನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಇದನ್ನು ಓಡಿಸುವವನು ಮೆಕ್ಯಾನಿಕ್ ಅಲ್ಲ, ನಿನ್ನೆ ಮೊನ್ನೆ ಭರ್ತಿಯಾದ, ಮೀಸೆ ಚಿಗುರುತ್ತಿರುವ ಹುಡುಗ. ಅವನ ಕೈಯಲ್ಲಿ ಗಾಡಿ ಕೆಡಬಾರದು, ಕೆಟ್ಟರೂ ಎಲ್ಲಿ ಕೆಟ್ಟಿದೆ ಎಂದು ಅವನಿಗೇ ಗೊತ್ತಾಗಬೇಕು. ಅದಕ್ಕೆಂದೇ ಅಮೆರಿಕದ ಸೇನೆ ತನ್ನ ಗಾಡಿಗಳಿಗೆ ಚಾಲಕನ ಕೈಪಿಡಿ ಬರೆಸಿತು. ಹೊರಡುವ ಮುಂಚೆ ನೋಡಬೇಕಾದದ್ದು, ದಾರಿಯಲ್ಲಿ ಗಮನಿಸಬೇಕಾದದ್ದು, ಬಂದು ನಿಲ್ಲಿಸಿದ ಮೇಲೆ ಮಾಡಬೇಕಾದದ್ದು ಎಂದು ಮೂರು ಹೊತ್ತಿನ ಪಟ್ಟಿ ಅದರಲ್ಲಿದೆ. ಅಷ್ಟು ಸಾಲದೆಂದು 1951ರಲ್ಲಿ 'ಪಿಎಸ್' ಎಂಬ ಪುಟ್ಟ ಮಾಸಿಕವನ್ನೇ ಶುರುಮಾಡಿದರು. ಹೆಸರಾಂತ ಕಾಮಿಕ್ಸ್ ಚಿತ್ರಕಾರ ವಿಲ್ ಐಸ್ನರ್ 1971ರವರೆಗೆ ಅದಕ್ಕೆ ಚಿತ್ರ ಬರೆದ. ಗ್ರೀಸ್ ಹಚ್ಚುವುದು, ಬೋಲ್ಟ್ ಬಿಗಿ ಮಾಡುವುದು, ಬ್ಯಾಟರಿ ಒರೆಸುವುದು, ಇವೇ ಅದರ ಕಥೆಗಳು. ಸಿಪಾಯಿಯನ್ನು ಗದರಿಸಿ ಕಲಿಸುವ ಬದಲು ಒಬ್ಬ ದೊಡ್ಡ ಕಲಾವಿದನನ್ನು ಕರೆಸಿ ಚಿತ್ರ ಬರೆಸಿ ಕಲಿಸಿದರಲ್ಲ, ಅದು ನನಗೆ ಬಹಳ ಇಷ್ಟವಾದ ಸಂಗತಿ.

ಆ ಸೇನೆ ಬಿಟ್ಟುಕೊಟ್ಟ ಲಾರಿಗಳನ್ನು ಹರಾಜಿನಲ್ಲಿ ಹಿಡಿದು ಹಿತ್ತಲಲ್ಲಿ ಇಟ್ಟುಕೊಂಡವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರ ಅಚ್ಚುಮೆಚ್ಚು ಎಂ35, ಎರಡೂವರೆ ಟನ್ನಿನ ಲಾರಿ. ಹುಟ್ಟಿದ್ದು 1950ರ ಆಸುಪಾಸಿನಲ್ಲಿ. ಮೂರು ಆಕ್ಸಲ್, ಹತ್ತು ಟೈರು, ಬರಿದೇ ನಿಂತರೂ ಆರು ಟನ್ನಿನ ಹತ್ತಿರದ ತೂಕ. ಮುಂದೆ ಬಂದ ಎಂ35ಎ2ರ ಎಂಜಿನ್ ಡೀಸೆಲ್ ಕುಡಿಯುತ್ತದೆ, ಸೀಮೆಎಣ್ಣೆಯನ್ನೂ ಒಲ್ಲೆ ಎನ್ನುವುದಿಲ್ಲ, ತೀರಾ ಕಷ್ಟ ಬಂದರೆ ಪೆಟ್ರೋಲಿನಲ್ಲೂ ಓಡುತ್ತದೆ. ಹೀಗೆ ಉರಿಸುವ ವಿದ್ಯೆ ಜರ್ಮನಿಯ ಮ್ಯಾನ್ ಕಂಪನಿಯದು. ಅದೇ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ಜಬಲ್ಪುರದಲ್ಲಿ ನಮ್ಮ ಶಕ್ತಿಮಾನ್ ಲಾರಿ ತಯಾರಾಯಿತು. ಜಬಲ್ಪುರದ್ದೇ ಆದ ಜೋಂಗಾ ಜೀಪುಗಳು ಸೇನೆಯಿಂದ ಬಿಡುಗಡೆಯಾಗಿ ಕೊಡಗಿನ ಕಾಫಿ ತೋಟ ಸೇರಿದ್ದನ್ನು ಕಂಡವರಿಗೆ ಈ ಹುಚ್ಚು ಹೊಸದಾಗಿ ಕಾಣಲಾರದು.

ಎಂ35ಎ2 ಇಟ್ಟುಕೊಂಡವನ ಮೊದಲ ಪಾಠ ಡಿಪ್‌ಸ್ಟಿಕ್ ಓದುವುದು. ಎಂಜಿನ್ ಆಯಿಲ್ ಕಡಿಮೆಯಾದರೆ ಹೆದರುವವರು ಎಲ್ಲ ಕಡೆ ಇದ್ದಾರೆ. ಇದರಲ್ಲಿ ಹೆದರಬೇಕಾದದ್ದು ಆಯಿಲ್ ಹೆಚ್ಚಾದಾಗ. ಹಾಕದೇ ಇದ್ದ ಆಯಿಲ್ ಏರುವುದು ಹೇಗೆ? ಬೇರೇನೋ ಒಳಗೆ ಇಳಿಯುತ್ತಿದೆ. ಕಡ್ಡಿಯನ್ನು ಎಳೆದು ಎರಡು ಬೆರಳಿನ ನಡುವೆ ಉಜ್ಜಿ, ಮೂಗಿಗೆ ಹಿಡಿಯಬೇಕು. ನೀರು ನೀರಾಗಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಷನ್ ಪಂಪಿನ ಕಡೆಯಿಂದ ಇಂಧನ ಸೋರುತ್ತಿರಬಹುದು. ಬಗೆಬಗೆಯ ಇಂಧನಕ್ಕೆ ಪಂಪನ್ನು ಹೊಂದಿಸಲು ಅದರ ಮೇಲೆ ಕೂರಿಸಿರುವ ಭಾಗದ ಮೇಲೆ ಮೊದಲ ಅನುಮಾನ. ಕಾಫಿಗೆ ಹಾಲು ಬೆರೆತಂತೆ ಬಣ್ಣ ತಿರುಗಿದ್ದರೆ ರೇಡಿಯೇಟರಿನ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಬೇಕು. ಎರಡರಲ್ಲಿ ಯಾವುದೇ ಆಗಲಿ, ಆ ದಿನ ಎಂಜಿನ್ ಚಾಲೂ ಮಾಡುವಂತಿಲ್ಲ. ತೆಳುವಾದ ಆಯಿಲಿನಲ್ಲಿ ತಿರುಗಿದ ಬೇರಿಂಗ್ ಉಳಿಯುವುದಿಲ್ಲ.

ಕೀಲಿ ಇಲ್ಲದ ಲಾರಿ ಇದು, ಸ್ವಿಚ್ ತಿರುಗಿಸಿ ಗುಂಡಿ ಒತ್ತಿದರೆ ಸ್ಟಾರ್ಟ್. ಒತ್ತಿದಾಗ ಬರಿಯ 'ಟಕ್' ಎಂದರೆ ಹಲವರು ಅವತ್ತೇ ಹೊಸ ಸ್ಟಾರ್ಟರ್ ಮೋಟಾರು ತರಿಸುತ್ತಾರೆ. ಈ ಆತುರ ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ಇಪ್ಪತ್ತನಾಲ್ಕು ಮಾಡಿರುತ್ತಾರೆ. ಒಂದು ಸತ್ತರೆ ಇನ್ನೊಂದು ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಮೊದಲು ಟರ್ಮಿನಲ್ ಬಿಚ್ಚಿ ಉಜ್ಜಬೇಕು, ಆಮೇಲೆ ಚಾಸಿಗೆ ಕಚ್ಚಿರುವ ಅರ್ತಿಂಗ್ ಕೇಬಲ್ಲಿನ ತುಕ್ಕು ತೆಗೆಯಬೇಕು, ಆಮೇಲೆ ಒಂದೊಂದೇ ಬ್ಯಾಟರಿಯನ್ನು ಬೇರೆಬೇರೆಯಾಗಿ ಅಳೆಯಬೇಕು. ಮೋಟಾರಿನ ಸರದಿ ಕೊನೆಗೆ. ತಂತಿಗಳ ವಿಚಾರದಲ್ಲಿ ಸೇನೆ ಒಂದು ಉಪಕಾರವನ್ನೂ ಮಾಡಿಟ್ಟಿದೆ. ತಂತಿಗಳ ಕೊರಳಿಗೆ ಸಂಖ್ಯೆ ಒತ್ತಿದ ಪುಟ್ಟ ಲೋಹದ ಪಟ್ಟಿ ಇರುತ್ತದೆ. ಮಣ್ಣು ಒರೆಸಿ ಆ ಸಂಖ್ಯೆಯನ್ನು ಕೈಪಿಡಿಯ ನಕ್ಷೆಯಲ್ಲಿ ಹುಡುಕಿದರೆ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಸಿಕ್ಕಿಬಿಡುತ್ತದೆ. ಹಿಂದಿನ ಮಾಲೀಕ ಅದನ್ನು ಕಿತ್ತು ಟೇಪು ಸುತ್ತಿದ್ದರೆ ಮಾತ್ರ ಪಾಡು ಹೇಳತೀರದು.

ಇವೆಲ್ಲ ಮಾಲೀಕನ ಕಷ್ಟಸುಖ. ಬ್ರೇಕಿನ ವಿಷಯ ಹಾಗಲ್ಲ, ಅದು ರಸ್ತೆಯಲ್ಲಿರುವ ಎಲ್ಲರಿಗೂ ಸೇರಿದ್ದು. ಎಂ35ಎ2ರಲ್ಲಿ ಕಾಲಿನ ಒತ್ತಡಕ್ಕೆ ಗಾಳಿಯ ಬಲ ಕೂಡಿಸಿ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುತ್ತಾರೆ. ಎಲ್ಲ ಚಕ್ರಗಳಿಗೂ ಇರುವುದು ಒಂದೇ ಆಯಿಲಿನ ದಾರಿ. ಒಂದು ರಬ್ಬರ್ ಹೋಸು ಒಡೆದರೆ, ಒಂದು ಚಕ್ರದ ಸಿಲಿಂಡರ್ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಉಳಿಯುವುದು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಹ್ಯಾಂಡ್‌ಬ್ರೇಕ್ ಒಂದೇ. ಆರು ಟನ್ನಿನ ಕಬ್ಬಿಣವನ್ನು ಇಳಿಜಾರಿನಲ್ಲಿ ಅದರ ಮೇಲೆ ನಂಬಿ ಬಿಡುವಂತಿಲ್ಲ. ಸೇನೆ 1980ರ ದಶಕದಲ್ಲಿ ಸಿಲಿಕೋನಿನ ನೇರಳೆ ಬಣ್ಣದ ಬ್ರೇಕ್ ಆಯಿಲಿಗೆ ಬದಲಾಯಿತು. ಸಾಮಾನ್ಯ ಬ್ರೇಕ್ ಆಯಿಲ್ ಅದರೊಂದಿಗೆ ಬೆರೆಯುವುದಿಲ್ಲ, ಕೈಗೆ ಸಿಕ್ಕಿದ ಡಬ್ಬಿಯನ್ನು ಸುರಿಯುವುದು ತಪ್ಪು. ದಿನದ ಕೊನೆಗೆ ಗಾಳಿ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ಒಳಗೆ ನಿಂತ ನೀರನ್ನೂ ಬಿಡಬೇಕು.

ಚಾಲಕನ ಕೈಪಿಡಿಯ ಪಟ್ಟಿಯಲ್ಲಿ, ಗಾಡಿ ನಿಲ್ಲಿಸಿದ ಮೇಲಿನ ಮೂರನೆಯ ಹೊತ್ತಿನಲ್ಲಿ ನನಗೆ ತುಂಬ ಹಿಡಿಸಿದ ಕೆಲಸವೊಂದಿದೆ. ಓಡಿಸಿ ಬಂದ ಕೂಡಲೇ ಲಾರಿಯ ಸುತ್ತ ಒಂದು ಸುತ್ತು ಬಂದು ಪ್ರತಿ ಚಕ್ರದ ಹಬ್ಬಿನ ಹತ್ತಿರ ಅಂಗೈ ಒಯ್ದು ನೋಡುವುದು. ಆರೂ ಬೆಚ್ಚಗಿದ್ದರೆ ಸರಿ. ಐದು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗಿನ ಗ್ರೀಸ್ ಒಣಗಿದೆ. ಒಂದು ತಣ್ಣಗಿದ್ದರೆ ಆ ಚಕ್ರ ಬ್ರೇಕಿನ ಪಾಲು ಹೊರುತ್ತಿಲ್ಲ. ಯಾವ ಉಪಕರಣವೂ ಬೇಡ, ಕಂಪ್ಯೂಟರೂ ಬೇಡ. ಹೊಸ ಕಾರುಗಳು ತಮ್ಮ ಸಂಕಟವನ್ನು ಒಂದು ದೀಪ ಹಚ್ಚಿ ಹೇಳುತ್ತವೆ. ನಾವು ಅದನ್ನು ನೋಡಿ ಸರ್ವಿಸ್ ಸೆಂಟರಿಗೆ ಒಯ್ಯುತ್ತೇವೆ, ಏನಾಗಿತ್ತೆಂದು ಕೇಳುವುದೂ ಇಲ್ಲ. ಕೆಡದೆ ಇರುವಾಗಲೂ ಬಗ್ಗಿ ನೋಡುವ ಅಭ್ಯಾಸವನ್ನು ಈ ಹಳೆಯ ಲಾರಿಗಳು ಮನುಷ್ಯನಲ್ಲಿ ಬೆಳೆಸುತ್ತವೆ. ಇವನ್ನು ಗುಜರಿಗೆ ಹಾಕದೆ ಉಳಿಸಿಕೊಂಡವರ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಇದೇ.

ಕೊಳ್ಳಬೇಕೆಂದು ಮನಸ್ಸು ಮಾಡಿದವರಿಗೆ ಎರಡು ಮಾತು. ಎಂ35ರ ಚಕ್ರಕ್ಕೆ ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಇದೆ. ಅದು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಗುಂಡಿನಂತೆ ಸಿಡಿದು ಆಳನ್ನೇ ಕೊಲ್ಲಬಲ್ಲದು, ಆದ್ದರಿಂದ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಿಸಿ. ಗಾಡಿ ಮನೆಗೆ ಬಂದ ಮೇಲೆ ಮೊದಲು ಆರೂ ಡ್ರಮ್ ಬಿಚ್ಚಿ, ರಬ್ಬರ್ ಹೋಸುಗಳನ್ನೆಲ್ಲ ಹೊಸತು ಹಾಕಿಸಿ. ಹಸಿರು ಬಣ್ಣ, ಬಾಗಿಲ ಮೇಲಿನ ಬಿಳಿ ನಕ್ಷತ್ರ, ಇವೆಲ್ಲ ಮುಂದಿನ ವರ್ಷಕ್ಕಾದರೂ ಆದೀತು.